ನಳದ ನೀರಿಗೆ ಬಂದ ಹಳದಿ

ರೋಣದ ನಮ್ಮ ಓಣಿಯ ನಳದಲ್ಲಿ ಮಲಪ್ರಭೆಯ ನೀರು ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಓಣಿಯ ತುದಿಯ ಬೋರಿನ ನೀರು. ಆ ಬೇಸಿಗೆಯಲ್ಲಿ ಹೊಳೆಯ ನೀರು ಬರುವುದೇ ಅಪರೂಪವಾಯಿತು. ಕೂಸಿಗೆ ಹಾಲಿನ ಪುಡಿ ಕಲಸಲೂ ಬೋರಿನ ನೀರನ್ನೇ ಕುದಿಸುತ್ತಿದ್ದೆ.

ಒಂದು ಮುಂಜಾನೆ ಕೂಸಿನ ಬಟ್ಟೆ ನೆನೆಹಾಕಲು ಹೊಸ ಬಿಳಿ ಬಕೆಟ್ ತುಂಬಿಸಿದೆ. ನೀರಿಗೆ ತೆಳುವಾದ ಹಳದಿ ಇತ್ತು. ಹಿತ್ತಾಳೆ ಕೊಡದಲ್ಲಿ ಅದು ಎಂದೂ ಕಂಡಿರಲಿಲ್ಲ. ಮಣ್ಣಿನ ಬಣ್ಣ ಇರಬೇಕು ಎಂದರು ಅತ್ತೆ. ನನಗೆ ಸಮಾಧಾನವಾಗದೆ, ಧಾರವಾಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅಣ್ಣನಿಗೆ ಫೋನ್ ಮಾಡಿದೆ. ಬೋರಿನ ಹತ್ತಿರ ಏನಿದೆ ಎಂದು ಕೇಳಿದ. ಗಾಡಿಯ ಬಿಡಿಭಾಗಗಳಿಗೆ ಹೊಳಪಿನ ಲೇಪ ಕೊಡುತ್ತಿದ್ದ ಶೆಡ್ಡು, ಈಗ ಮುಚ್ಚಿದೆ, ಅದರ ಹಿಂದೆ ತುಕ್ಕು ಹಿಡಿದ ಡ್ರಮ್ಮುಗಳಿವೆ ಎಂದೆ.

"ಆ ನೀರು ಕೂಸಿಗೆ ಕೊಡಬ್ಯಾಡ. ಕುದಿಸಿದ್ರ ಆ ಹಳದಿ ಹೋಗೂದಿಲ್ಲ, ಇನ್ನೂ ಗಟ್ಟಿ ಆಗ್ತದ. ಬಾಟ್ಲಿ ತುಂಬಕೊಂಡು ಲಗೂ ಬಾ."

ಹೊಳೆಆಲೂರಿನಲ್ಲಿ ರೈಲು ಹತ್ತಿದೆ. ಕೂಸು ಬಾಟಲಿಗೆ ಕೈ ಚಾಚಿದಾಗ ಎಷ್ಟು ಜೋರಾಗಿ ಸೆಳೆದೆನೆಂದರೆ ಅದು ಚೀರಿ ಅತ್ತಿತು. ಎದುರಿಗೆ ಕೂತಿದ್ದ ಮುದುಕಿ, ಇಟಗಿ ಭೀಮಾಂಬಿಕೆಯ ತೀರ್ಥವೇನು ಎಂದು ಕೇಳಿದಳು. ನಾನು ಬಾಟಲಿಯನ್ನು ಚೀಲದ ತಳಕ್ಕೆ ತುರುಕಿದೆ.

ಅಣ್ಣ ಗಾಜಿನ ಕೊಳವೆಗೆ ನೀರು ಸುರಿದು ಏನೋ ಹನಿ ಬಿಟ್ಟ. ನೇರಳೆ ಹಣ್ಣು ಹಿಂಡಿದಂತೆ ಬಣ್ಣ ಏರಿತು. ಆ ಹೊಳಪಿನ ಲೇಪಕ್ಕೆ ಬಳಸುವ ಕ್ರೋಮಿಯಂ, ಅದರಲ್ಲೂ ಕ್ಯಾನ್ಸರ್ ತರುವ ಬಗೆಯದು ಎಂದ. ದೊಡ್ಡ ಪ್ರಯೋಗಾಲಯವೂ ಮುಂದೆ ಅದನ್ನೇ ಹೇಳಿತು.

ಊರಿಗೆ ಬಂದವಳೇ ಮನೆಮನೆಗೆ ಹೇಳುತ್ತ ಹೋದೆ. ಪಕ್ಕದ ಮನೆಯ ಅಕ್ಕ ಹೊಟ್ಟೆಯ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು. ಅವಳಿಗೆ ಹೇಳಬಾರದೆಂದುಕೊಂಡಿದ್ದೆ, ಅವಳೇ ಕರೆಸಿದಳು.

"ಖರೇ ಹೇಳು, ನನ್ನ ಬ್ಯಾನಿ ಇದರಿಂದನ ಬಂತೇನು?"

ಗೊತ್ತಿಲ್ಲ ಅಕ್ಕಾ, ಎಂದೆ. ಅವಳು ನನ್ನ ಕಂಕುಳಲ್ಲಿದ್ದ ಕೂಸನ್ನು ನೋಡಿದಳು.

"ಇದಕ್ಕೂ ಅದನ್ನ ಕುಡಿಸೀಯೇನವ್ವ?"

ಹೌದಕ್ಕಾ, ಎಂದೆ.

ಓಣಿಯ ಹೆಂಗಸರೆಲ್ಲ ಬಾಟಲಿ ಹಿಡಿದು ಪುರಸಭೆಯ ಕಚೇರಿಯ ಮುಂದೆ ಕೂತೆವು. ಅಧಿಕಾರಿಗಳು ಬಂದು ಮತ್ತೆ ಪರೀಕ್ಷಿಸಿ, ಮೋಟಾರು ಬಿಚ್ಚಿ, ಬೋರಿನ ಬಾಯಿ ಮುಚ್ಚಿದರು. ಡ್ರಮ್ಮುಗಳನ್ನು ಒಯ್ದರು. ಈಗ ಹೊಳೆಯ ನೀರಷ್ಟೇ ಬರುತ್ತದೆ.

ಕೂಸಿನ ರಕ್ತ ಪರೀಕ್ಷಿಸಿದ ಡಾಕ್ಟರು ಸದ್ಯಕ್ಕೆ ಏನೂ ಇಲ್ಲ ಎಂದರು. ಮುಂದೇನು ಎಂದು ಕೇಳಿದ್ದಕ್ಕೆ, ವರ್ಷಕ್ಕೊಮ್ಮೆ ತೋರಿಸಿ ಎಂದಷ್ಟೇ ಹೇಳಿದರು. ಅಕ್ಕ ದೀಪಾವಳಿಗೆ ಮುಂಚೆ ತೀರಿಕೊಂಡಳು. ಅವಳ ಪ್ರಶ್ನೆಗೆ ಯಾವ ಡಾಕ್ಟರೂ ಉತ್ತರ ಕೊಟ್ಟಿರಲಿಲ್ಲ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಮೊನ್ನೆ ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದಳು. ಎತ್ತಿಕೊಂಡು ದವಾಖಾನೆಗೆ ಓಡಿದೆ. ಗೆಳತಿಯರ ಜೊತೆ ಹುಣಸೆಕಾಯಿ ತಿಂದಿದ್ದೆ ಎಂದು ಅವಳು ಹೇಳಿದ್ದು ಡಾಕ್ಟರ ಮುಂದೆ. ಅವರು ನಕ್ಕರು. ನಾನು ಮಾತ್ರ ರಕ್ತ ಪರೀಕ್ಷೆಗೆ ಚೀಟಿ ಬರೆಸಿಕೊಂಡೇ ಎದ್ದೆ.