ಹಿಮಕರಡಿಯ ತಟ್ಟೆಗೆ ಬಂದ ಕಾಡುಕೋಳಿ

ಸಾವ್ದಾಳಿಗೆ ಐವತ್ತೆಂಟು. ಅದರಲ್ಲಿ ಇಪ್ಪತ್ತೆರಡು ವರ್ಷ ಜೊಹೋರ್ ಕಾಡಂಚಿನ ಮೃಗಾಲಯದಲ್ಲಿ ಒಂದೇ ಒಂದು ಹಿಮಕರಡಿಯ ಚಾಕರಿಗೆ ಹೋಗಿತ್ತು. ಹೊರಗೆ ಬೆವರಿಳಿಸುವ ಸೆಕೆ, ಒಳಗೆ ಮೂಳೆ ಕೊರೆಯುವ ತಣ್ಣನೆಯ ಕೋಣೆ. ದಿನವಿಡೀ ಅದರಿಂದ ಇದಕ್ಕೆ ಓಡಾಡಿ ಅವಳ ಮಂಡಿ ಕೈಕೊಟ್ಟಿತ್ತು. ಕರಡಿಯ ಹೆಸರು ಸಾಲ್ಜು. ಅದರ ಮಂಡಿಯದೂ ಅದೇ ಪಾಡು.

ಅವಳ ಅಪ್ಪ ದೆರಿಸ್ ಕಾಡುಕೋಳಿ ಹಿಡಿಯುವವನು. ಸಾಕಿದ ಹುಂಜವನ್ನು ಕಾಡಿನಲ್ಲಿ ಕಟ್ಟಿ ಕೂಗಿಸಿ, ಜಗಳಕ್ಕೆ ಬಂದ ಕಾಡುಹುಂಜವನ್ನು ಕುಣಿಕೆಗೆ ಬೀಳಿಸುವುದು ಅವನ ಕಸುಬು. ಅಂಥ ಮನೆಯವರು ಬಾಗಿಲಿಗೆ ಬಂದ ಕಾಡುಕೋಳಿಯನ್ನು ಅಟ್ಟುವುದಿಲ್ಲ. ಅಟ್ಟಿದರೆ ಕುಣಿಕೆ ಖಾಲಿ ಎಂಬ ನಂಬಿಕೆ. ಅಪ್ಪ ಹೋಗಿ ಎಷ್ಟೋ ವರ್ಷವಾದರೂ ಮಗಳಿಗೆ ಅದು ಬಿಟ್ಟಿರಲಿಲ್ಲ. ಬೇರೆಯವರು ಪೊರಕೆ ಬೀಸಿ ಓಡಿಸಿದ ಕೋಳಿಗಳೆಲ್ಲ ಅವಳ ಕರಡಿಯ ಅಂಗಳದಲ್ಲಿ ಕರಡಿಯಿಂದ ದೂರ ಉಳಿದು ಕೆದಕುತ್ತಿದ್ದವು.

"ನಿನ್ನ ಉಗುರಿನಷ್ಟಿಲ್ಲ ಅದು," ಎಂದು ಅವಳು ಕರಡಿಯನ್ನು ಛೇಡಿಸುತ್ತಿದ್ದಳು. "ಆದ್ರೂ ಕಾಡೆಲ್ಲ ಅದರದ್ದೇ. ನಾನೂರು ಕಿಲೋ ಇದ್ದೂ ನಿಂಗೇನಿದೆಯೋ, ನನ್ನ ಬಿಟ್ರೆ?"

ಹೊಸದಾಗಿ ಬಂದ ಪಶುವೈದ್ಯೆ ಹಾಸ್ಲಿನಾ ಒಂದು ದಿನ ಮೆತ್ತಗೆ ಹೇಳಿದಳು. "ಅಕ್ಕ, ತಟ್ಟೆ ಹತ್ತು ಹೆಜ್ಜೆ ದೂರ ಇಡಿ. ಸಾಲ್ಜು ಎದ್ದು ಹೋಗಿ ತಿಂದ್ರೆ ಇನ್ನಷ್ಟು ದಿನ ನೋಡೋಣ. ಮೂರು ದಿನ ಏಳ್ಲಿಲ್ಲ ಅಂದ್ರೆ ಇಂಜೆಕ್ಷನ್ ಕೊಟ್ಟು ಕಳಿಸ್ಬಿಡೋಣ. ಸುಮ್ನೆ ಯಾಕೆ ನರಳಿಸ್ಬೇಕು?"

"ನೀವು ಮೊನ್ನೆ ಬಂದೋರು ಡಾಕ್ಟ್ರೇ. ಅವನು ಏಳ್ತಾನೆ, ನೋಡ್ತಿರಿ."

ಕರಡಿ ಈಗೀಗ ತಣ್ಣನೆಯ ಕೋಣೆಯ ಹೊಸ್ತಿಲಲ್ಲೇ ಬಿದ್ದಿರುತ್ತಿತ್ತು. ಸಾವ್ದಾ ಅರೆದ ಮೀನಿಗೆ ಬೇಯಿಸಿದ ಗೆಣಸು ಕಲಸಿ, ತಟ್ಟೆಯನ್ನು ಉದ್ದನೆಯ ಕೋಲಿನಿಂದ ಕಂಬಿಯ ಸಂದಿಯಲ್ಲಿ ಅಂಗಳಕ್ಕೆ ತಳ್ಳಿ, ಅಡುಗೆಮನೆಗೆ ಹೋಗುವಳು. ಮರಳಿ ಬಂದರೆ ತಟ್ಟೆ ಖಾಲಿ, ಕರಡಿ ಮತ್ತೆ ಹೊಸ್ತಿಲಲ್ಲಿ. ತಿಂದು ಬಂದು ಮಲಗಿದೆ ಎಂದುಕೊಂಡಳು. ಮೂರು ದಿನವೂ ವೈದ್ಯೆಗೆ "ತಿಂದ" ಎಂದಳು. ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ನಾಲ್ಕನೆಯ ದಿನ ಬಕೆಟ್ ಮರೆತು ಅರ್ಧ ದಾರಿಯಿಂದ ವಾಪಸು ಬಂದಳು. ತಟ್ಟೆಯ ಸುತ್ತ ಮೂರು ಹೇಂಟೆ, ಒಂದು ಹುಂಜ. ಹೊಟ್ಟೆ ತುಂಬಿದ ಹುಂಜ ಹಾರಿ ಕರಡಿಯ ಮುಂಗಾಲ ಮೇಲೆ ಕೂತು, ಅದರ ಕೂದಲಿಗೇ ಕೊಕ್ಕು ಒರೆಸಿತು. ಕರಡಿ ಕಣ್ಣು ತೆರೆದು ನೋಡಿತು. ಕಾಲು ಅಲುಗಲಿಲ್ಲ.

ಎಲೆ ಸರಿದರೂ ಪೊದೆ ಸೇರುವ ಹಕ್ಕಿ ಅದು. ಇನ್ನು ಹೆದರಬೇಕಾದ್ದೇನೂ ಇಲ್ಲವೆಂದು ಅದಕ್ಕೆ ಗೊತ್ತಾಗಿತ್ತು. ಕೋಳಿ ಬೇಟೆಗಾರನ ಮಗಳಿಗೆ ಗೊತ್ತಾಗಿರಲಿಲ್ಲ.

ಅವಳು ತಟ್ಟೆಯನ್ನು ಕೋಲಿನಿಂದ ಕರಡಿಯ ಮೂತಿಯ ತನಕ ತಳ್ಳಿದಳು. ಉಳಿದದ್ದನ್ನು ಅದು ಎರಡು ಸಲ ನೆಕ್ಕಿ ತಲೆ ಕೆಳಗಿಟ್ಟಿತು. ಇವತ್ತೂ ತಿಂದ ಎಂದು ಹೇಳಿದರೆ ಅಲ್ಲವೆನ್ನುವವರು ಯಾರೂ ಇರಲಿಲ್ಲ. ಆ ಆಸೆ ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಗಿ ಅವಳು ಫೋನ್ ಮಾಡಿದಳು.

"ಅವನು ಎದ್ದೇ ಇಲ್ಲ ಡಾಕ್ಟ್ರೇ. ನಾಲ್ಕು ದಿನ ನಾನು ಕೋಳಿಗೆ ಊಟ ಹಾಕಿದ್ದೀನಿ."

"ಸಂಜೆ ಬರ್ಲಾ ಅಕ್ಕ?"

"ಸಂಜೆ ತನಕ ಯಾಕೆ? ಈಗ್ಲೇ ಬನ್ನಿ."

ಇಂಜೆಕ್ಷನ್ ಕೊಟ್ಟು ಎಲ್ಲ ಮುಗಿದ ಮೇಲೆ ವೈದ್ಯೆ ಕಂಬಿಯ ಬಾಗಿಲು ತೆರೆದಳು. ಸಾವ್ದಾ ಒಳಗೆ ಹೋಗಿ ಕರಡಿಯ ಪಕ್ಕದಲ್ಲಿ ಕೂತಳು. ಇಷ್ಟು ವರ್ಷದಲ್ಲಿ ಅದನ್ನು ಮುಟ್ಟಿದ್ದು ಇದೇ ಮೊದಲು. ಕೈ ಕೂದಲೊಳಗೆ ಇಳಿದು ಪಕ್ಕೆಲುಬಿಗೆ ತಾಗಿತು.

"ಹಸಿವಲ್ಲೇ ಕಳಿಸ್ಬಿಟ್ನಲ್ಲೋ ನಿನ್ನ," ಎಂದಳು.