ಅಪ್ಪನ ಕುಡಿತ

ನನ್ನ ಕಿರುಚಿತ್ರಗಳಲ್ಲೆಲ್ಲ ಮಳೆ ಸುರಿಯುತ್ತಿರುತ್ತದೆ. ನೋಡಿದವರು ಅದನ್ನು ಕಲೆ ಎಂದುಕೊಂಡರೆ ನಾನೇನೂ ತಿದ್ದುವುದಿಲ್ಲ. ನಿಜ ಏನೆಂದರೆ, ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಕಡೆ ಮದುವೆಗಳಿಲ್ಲ. ಮೂಡುಬಿದಿರೆಯ ಮದುವೆ ವಿಡಿಯೋದವರ ಕ್ಯಾಮರಾ ಆಗ ಮಾತ್ರ ನನ್ನ ಕೈಗೆ ಸಿಗುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಅಂಥದೊಂದು ಆಟಿಯಲ್ಲಿ ಕುಡಿತದ ವಿರುದ್ಧ ಚಿತ್ರ ಮಾಡಹೊರಟೆ. ಕುಡಿದು ಹೆಂಡತಿಗೆ ಹೊಡೆಯುವ ಗಂಡ ಕೊನೆಗೆ ಕುಡಿತ ಬಿಡುತ್ತಾನೆ, ಕತೆ ಅಷ್ಟೇ. ಆದರೆ ದಿನಾ ಕುಡಿಯುವವರೂ ಕ್ಯಾಮರಾದ ಮುಂದೆ ಬಾಟಲಿ ಹಿಡಿಯಲು ಒಪ್ಪಲಿಲ್ಲ. ವೇಣೂರಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ, ಹೆಂಡದ ವಾಸನೆಗೇ ಮೂಗು ಮುಚ್ಚುತ್ತಿದ್ದ ನನ್ನ ಅಪ್ಪ ತಾನೇ ಮಾಡುತ್ತೇನೆಂದರು. ಬಾಟಲಿಗೆ ಕಷಾಯ ತುಂಬಿಸಿದೆವು. ಅಪ್ಪ ಎಷ್ಟು ಚೆನ್ನಾಗಿ ತೂರಾಡಿದರೆಂದರೆ ನನಗೇ ಅನುಮಾನ ಬಂತು.

ಊರಿನ ಕೇಬಲ್ ಟಿವಿಯವರು ಅದನ್ನು ಹಾಕಿದ್ದೇ ಹಾಕಿದ್ದು. ನಟನೆ ಎಂದು ಎಷ್ಟು ಹೇಳಿದರೂ, ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದರು ಜನ. ದಾರಿಯಲ್ಲಿ ಸಿಕ್ಕವರು ಅಮ್ಮನಿಗೆ ಸಮಾಧಾನ ಹೇಳತೊಡಗಿದರು. ಅಮ್ಮ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿಯಲು ಅಪ್ಪನನ್ನು ಕೂರಿಸಿದವನು ನಾನೇ ಎಂದು ನನ್ನೊಂದಿಗೆ ಮಾತೂ ಬಿಟ್ಟಳು.

ಒಂದು ಭಾನುವಾರ ವಾಮದಪದವಿನಿಂದ ಗಂಡ ಹೆಂಡತಿ ನಮ್ಮ ಮನೆ ಹುಡುಕಿಕೊಂಡು ಬಂದರು. ಚಿತ್ರ ನೋಡಿದ್ದರಂತೆ. ಉಪದೇಶ ಕೇಳಿ ಸಾಕಾಗಿದೆ, ಕುಡಿತ ಬಿಟ್ಟವರು ಹೇಳಿದರೆ ಮಾತ್ರ ಕೇಳುತ್ತೇನೆ ಎಂದು ಗಂಡ ಹಟ ಹಿಡಿದಿದ್ದನಂತೆ. ಹೆಂಡತಿ ಅವನನ್ನು ನೇರವಾಗಿ ಬಸ್ಸು ಹತ್ತಿಸಿದ್ದಳು. ನಿಜ ಹೇಳಿಬಿಡಲು ನಾನು ಬಾಯಿ ತೆರೆದೆ. ಅಪ್ಪ ಕಣ್ಣಲ್ಲೇ ತಡೆದರು.

"ನನ್ನಿಂದ ಆಯ್ತಲ್ಲ ಮಾರಾಯ, ನಿನ್ನಿಂದಲೂ ಆಗ್ತದೆ. ಬಾ, ಕೂತು ಮಾತಾಡುವ" ಎಂದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

ಯಾರೋ ಗುರುತಿಲ್ಲದವನಿಗಾಗಿ ಅಪ್ಪ ತನ್ನ ಒಳ್ಳೆಯ ಹೆಸರನ್ನು ಬಿಟ್ಟುಕೊಟ್ಟಿದ್ದರು. ನನಗೆ ಹೆದರಿಕೆಯಾಯಿತು. ಏಕೆಂದರೆ ಅಮ್ಮ ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳು ಒಂದು ಮಾತು ಆಡಿದರೆ ಎಲ್ಲ ಮುಗಿಯುತ್ತಿತ್ತು.

ಆ ಹೆಂಗಸು ಲೋಟ ತೆಗೆದುಕೊಳ್ಳುತ್ತಾ ಅಮ್ಮನನ್ನು ಮೆಲ್ಲಗೆ ಕೇಳಿದಳು.

"ಅಕ್ಕಾ, ನಿಮಗೂ ಹೊಡೀತಿದ್ರಾ?"

ಅಪ್ಪನಿಂದ ಒಂದು ಗದರಿಕೆಯನ್ನೂ ಕೇಳಿರದ ಅಮ್ಮ ಆಕೆಯ ಕೆನ್ನೆಯ ಮೇಲಿದ್ದ ಏಟಿನ ಕಲೆಯನ್ನು ನೋಡಿದಳು.

"ಹೌದು" ಎಂದಳು. "ಈಗ ಇಲ್ಲ."