ದೇವರ ಕುರಿಯ ತೂಕ

ಹಾಲು ಕಾದಿದೆ ಎಂದರೆ ನನ್ನ ಅಕ್ಕ ಮಾಳವ್ವ ಎದ್ದು ಬಂದು ಪಾತ್ರೆ ಮುಟ್ಟಿ ನೋಡುತ್ತಿದ್ದಳು. ಕೀಲಿ ಹಾಕಿದ ಬಾಗಿಲನ್ನು ಮತ್ತೊಮ್ಮೆ ಜಗ್ಗುವಳು. ಉಮರ್ಗಾ ಬಸ್ಸಿನ ಫಲಕ ಓದಿದ ಮೇಲೂ ಕಂಡಕ್ಟರನನ್ನು ಕೇಳಿಯೇ ಹತ್ತುವಳು.

ಉದಗೀರದಲ್ಲಿ ನಾವಿಬ್ಬರೂ ಒಂದು ಖೋಲಿಯಲ್ಲಿದ್ದೆವು. ನಾನು ಹೊಲಿಗೆ ಮಾಡುತ್ತಿದ್ದೆ. ಅವಳು ಕಾಲೇಜಿನಲ್ಲಿ ಕುರಿಗಳ ಮೇವಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅದರ ಲೆಕ್ಕಕ್ಕೆಂದು ಮೊಬೈಲಿನಲ್ಲಿ ಪಾಠ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತಳು. ಬರೆದ ಒಂದೊಂದು ಸಾಲನ್ನೂ ನನ್ನಿಂದ ಗಟ್ಟಿಯಾಗಿ ಓದಿಸುವಳು. ಹೀಗೆ ನನಗೂ ಸ್ವಲ್ಪ ಬಂತು. ಮೊದಲ ಸಲ ಸರಾಸರಿ ತೆಗೆದಾಗ ಕಣ್ಣು ಸಣ್ಣಗೆ ಮಾಡಿ ಹೇಳಿದಳು: "ಏ ತಂಗಿ, ಇದು ಭಾಳ ಜಲ್ದಿ ಹೇಳ್ತದ. ಜಲ್ದಿ ಹೇಳಾವ್ರ ಮ್ಯಾಲ ನನಗ ಭರೋಸಾ ಇಲ್ಲ." ಆಮೇಲೆ ಕೈಯಿಂದಲೂ ಲೆಕ್ಕ ಮಾಡಿದಳು.

ದಾಳಿಂಬ ಎಂಬ ಹಳ್ಳಿಯಲ್ಲಿ ಕುರಿ ಸಾಕುವ ನಮ್ಮ ಸೋದರಮಾವ ತನ್ನ ಎರಡು ಹಿಂಡುಗಳ ತೂಕ ಬರೆದುಕೊಟ್ಟಿದ್ದ. ಒಂದು ಹಿಂಡಿಗೆ ಹಳೆಯ ಮೇವು, ಇನ್ನೊಂದಕ್ಕೆ ಹೊಸದು. ಸರಾಸರಿ ತೂಕದ ಕಂಬಚಿತ್ರ ತೆಗೆದರೆ ಹೊಸ ಮೇವಿನ ಕಂಬ ಎಷ್ಟೋ ಎತ್ತರ. ಅವಳ ಮಾರ್ಗದರ್ಶಕ ಸರ್ ಹಿಗ್ಗಿದರು. "ಏಕದಮ್ ಛಾನ್ ಬಂದದ! ಲೇಖನ ಕಳಿಸಿಬಿಡ್ರಿ ಮಾಳವ್ವಾ."

"ಇಷ್ಟು ಚಂದ ಹ್ಯಾಂಗ ಬಂತ್ರೀ ಸರ್?" ಎಂದಳು. ಮರುದಿನವೇ ನನ್ನನ್ನೂ ಎಳೆದುಕೊಂಡು ದಾಳಿಂಬಕ್ಕೆ ಹೋದಳು.

ಮಾವನ ಪುಸ್ತಕದಲ್ಲಿ ಹಳೆಯ ಮೇವಿನ ಹಿಂಡಿನ ಕೆಲವು ಕುರಿಗಳ ಮುಂದೆ ಸೊನ್ನೆ ಇತ್ತು. ಯಾಕೆಂದು ಕೇಳಿದರೆ ಮಾವ ಸಿಟ್ಟಾದ.

"ಬೀರಪ್ಪ ದೇವ್ರಿಗಿ ಬಿಟ್ಟ ಕುರಿ ತಕ್ಕಡಿಗಿ ಹಾಕ್ತಾರೇನ ಹುಚ್ಚಿ? ಜಾಗಾ ಖಾಲಿ ಬಿಡಬಾರ್ದಂತ ಸೊನ್ನಿ ಹಾಕೀನಿ."

"ಮಾವಾ, ನಿನ್ನ ಸೊನ್ನಿ ಕಂಪ್ಯೂಟರ್ ಖರೇ ಅಂತ ತಿಳದದ. ಅದರ ಲೆಕ್ಕದಾಗ ಬೀರಪ್ಪನ ಕುರಿಗೋಳು ಬರೇ ಗಾಳಿ!"

ಮಾವನೂ ನಕ್ಕುಬಿಟ್ಟ. ಹೊಸ ಮೇವಿನ ಹಿಂಡು ಈಚೆಗೆ ಕೊಂಡದ್ದು, ಅದರಲ್ಲಿ ದೇವರ ಕುರಿಗಳಿರಲಿಲ್ಲ. ಇನ್ನೊಂದು ಹಿಂಡಿನ ಸರಾಸರಿಯನ್ನು ಇಳಿಸಿದ್ದ ಸೊನ್ನೆಗಳನ್ನು ಬಿಟ್ಟು ಲೆಕ್ಕ ಮಾಡಿದಾಗ ಎರಡೂ ಕಂಬ ಸಮವಾದವು. ಹೊಸ ಮೇವಿನಿಂದ ಏನೂ ಹೆಚ್ಚಾಗಿರಲಿಲ್ಲ. ಸರ್ ಮುಖ ಇಳಿಸಿದರು. "ಇದ್ದದ್ದಽ ಬರೀತೀನ್ರಿ" ಎಂದಳು ಅಕ್ಕ.

ಬರೆಯುವುದರೊಳಗೆ ಅವಳಿಗೆ ಕಾಮಾಲೆ ಬಂತು. ಲಾತೂರಿನ ದವಾಖಾನೆಯಿಂದ ಅವಳು ಮನೆಗೆ ಬರಲಿಲ್ಲ.

ಸಾವಿನ ಮನೆ ಮಾತನಾಡಿಸಲು ಸರ್ ಬಂದು ಕೂತರು. ಆಮೇಲೆ ಮೆಲ್ಲಗೆ, "ಮೊದಲಿನ ಚಿತ್ರ ಆಕಿ ಲ್ಯಾಪ್‌ಟಾಪಿನಾಗ ಇರಬೇಕಲ್ಲಮ್ಮಾ? ಆಕಿ ಹೆಸರ ಮ್ಯಾಲ ಒಂದು ಲೇಖನ ಬರಲಿ," ಎಂದರು. ಅವರ ಕಣ್ಣುಗಳು ಒದ್ದೆಯಾಗಿದ್ದವು. ಅದನ್ನೂ ನಾನು ಪೂರ್ತಿ ನಂಬಲಿಲ್ಲ.

"ಮೊದಲಿನ ಚಿತ್ರಽ ಯಾಕ್ ಬೇಕ್ರೀ ಸರ್?"

ಅವರು ಪೆನ್ ಡ್ರೈವ್ ಚಾಚಿದರು. ಸಮನಾದ ಕಂಬಗಳ ಚಿತ್ರವನ್ನಷ್ಟೇ ಅದಕ್ಕೆ ಹಾಕಿ ಕೊಟ್ಟೆ. ಮೊದಲಿನದನ್ನು ಅವರೆದುರೇ ಅಳಿಸಿದೆ. ಅಕ್ಕ ಬಿಟ್ಟುಹೋದದ್ದರಲ್ಲಿ ನಾನು ಅಳಿಸಿದ್ದು ಅದೊಂದನ್ನೇ.